ಮೆಟಲ್ ಡಿಟೆಕ್ಟರ್‌ಗೆ ಫಾಸ್ಟ್ ಚಾರ್ಜರ್: ರೇಟ್ ಕೇಳೋ ಮೊದಲು ನಂಬರ್ ನೋಡ್ರಿ

ರಾಯಚೂರು: 2023ರ ಅಕ್ಟೋಬರ್‌ನಲ್ಲಿ ಕೆಇಎ ಪರೀಕ್ಷೆ ವೇಳೆ ಕಲಬುರಗಿ, ಯಾದಗಿರಿಯಲ್ಲಿ ಬ್ಲೂಟೂತ್ ಅಕ್ರಮ ಸಿಕ್ಕಿಬಿದ್ದ ಮೇಲೆ ಪರೀಕ್ಷಾ ಕೇಂದ್ರಗಳ ತಪಾಸಣೆ ಬಿಗಿಯಾಗಿದೆ. ಗೇಟಿನಲ್ಲಿ ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಬೇಕೇ ಬೇಕು. ಆದರೆ ಚಾರ್ಜ್ ಇಲ್ಲದ ಡಿಟೆಕ್ಟರ್ ಬರೀ ಕೋಲು. ದೇವದುರ್ಗ, ಮಾನ್ವಿಯಿಂದ ನಸುಕಿನ ಬಸ್ ಹಿಡಿದು ಬಂದವರು ಸಾಲಿನಲ್ಲಿ ನಿಂತಾಗ ಅದು ಬಂದ್ ಬಿದ್ದರೆ, ಒಂದೋ ತಪಾಸಣೆ ಹೆಸರಿಗಷ್ಟೇ, ಇಲ್ಲಾ ಮೈಮುಟ್ಟಿ ಹುಡುಕಾಟ.

ಹಾಗಾದ್ರೆ ಫಾಸ್ಟ್ ಚಾರ್ಜರ್ ತಗೋಬೇಕಾ? ಲೆಕ್ಕ ಸರಳ ಐತಿ. ಇಂಥ ಡಿಟೆಕ್ಟರ್‌ಗಳಲ್ಲಿ ಬಹಳಷ್ಟಕ್ಕೆ 9 ವೋಲ್ಟ್ ಬ್ಯಾಟರಿ. ರೀಚಾರ್ಜ್ ಆಗುವ ನಿಕಲ್ ಬ್ಯಾಟರಿ 200 ಎಂಎಎಚ್ ಇದ್ದು, ಚಾರ್ಜರ್ 20 ಎಂಎ ಕೊಟ್ಟರೆ ಸುಮಾರು 14 ತಾಸು ಬೇಕು. 60 ಎಂಎ ಕೊಟ್ಟರೆ 5 ತಾಸಿನೊಳಗೆ ಮುಗಿಯುತ್ತದೆ. ಆದರೆ ವೇಗ ಹೆಚ್ಚಿದಂತೆ ಬಿಸಿಯೂ ಹೆಚ್ಚು. ನಮ್ಮ ಬೇಸಿಗೆಯೋ 40 ಡಿಗ್ರಿ ದಾಟುತ್ತದೆ. ಅದಕ್ಕೇ ಬ್ಯಾಟರಿ ತುಂಬಿದ ಕೂಡಲೇ ತಾನೇ ನಿಲ್ಲುವ ಆಟೋ ಕಟ್ ಇರಲೇಬೇಕು.

ಲಿಥಿಯಂ ಬ್ಯಾಟರಿಗೆ ಲಿಥಿಯಂ ಚಾರ್ಜರೇ ಬೇಕು. ಅದಲು ಬದಲಾದರೆ ಬೆಂಕಿ ಹತ್ತಬಹುದು. ರೀಚಾರ್ಜ್ ಆಗದ ಸಾದಾ ಬ್ಯಾಟರಿಯನ್ನಂತೂ ಚಾರ್ಜಿಗೆ ಹಾಕಲೇಬೇಡಿ, ಸೋರುತ್ತದೆ, ಒಡೆಯಲೂಬಹುದು.

ದಿನಾ ಡಿಟೆಕ್ಟರ್ ಬಳಸುವ ಬಂಗಾರದ ಅಂಗಡಿ, ಸೆಕ್ಯುರಿಟಿಯವರಿಗೆ ಫಾಸ್ಟ್ ಚಾರ್ಜರ್ ಸರಿ. ಅಪರೂಪಕ್ಕೆ ಬಳಸುವ ಕಾಲೇಜು, ಜಾತ್ರಾ ಕಮಿಟಿಗೆ ಅದೇ ದುಡ್ಡಲ್ಲಿ ಇನ್ನೊಂದು ಬ್ಯಾಟರಿ ತರೋದೇ ಲಾಭ. ಎಷ್ಟೇ ಫಾಸ್ಟ್ ಇದ್ದರೂ ಚಾರ್ಜರ್‌ಗೆ ತಾಸುಗಳು ಬೇಕು, ಸಾಲು ಕಾಯಲ್ಲ. ಬ್ಯಾಟರಿ ಬದಲಿಸೋದು ಒಂದು ನಿಮಿಷದ ಕೆಲಸ. ಹಿಂದಿನ ರಾತ್ರಿ ಎರಡನ್ನೂ ಚಾರ್ಜ್ ಮಾಡಿ, ಬೆಳಿಗ್ಗೆ ಕೀಲಿಕೈ ಮೇಲೆ ಆಡಿಸಿ ಬೀಪ್ ಬರುತ್ತಾ ನೋಡ್ರಿ.