ಆಕಾಶದ ಗೋಮಾಳ

ಹುಣಸೂರಿನಿಂದ ಕಡಲು ಕಾಣುವುದಿಲ್ಲ. ಕರಾವಳಿ ಕಾಯುವ ರಾಡಾರಿಗೂ ನಮಗೂ ಏನು ಸಂಬಂಧವೆಂದು ಗಿರಣಿಯ ಕೆಲಸಗಾರರೂ ಅಂಗಡಿಯವರೂ ಕೇಳಬಹುದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರದ ರೈತ ಬೆಳೆದ ಹೊಗೆಸೊಪ್ಪು ಹಡಗೇರಿ ಹೊರದೇಶಕ್ಕೆ ಹೋಗುತ್ತದೆ. ಕಡಲ ಮೀನು ಮಡಿಕೇರಿ ರಸ್ತೆಯಲ್ಲಿ ನಮ್ಮ ಪೇಟೆಗೆ ಬರುತ್ತದೆ. ಸಂಬಂಧವಿಲ್ಲದೆ ಏನು?

2008ರ ನವೆಂಬರ್ 26ರಂದು ಕೊಲೆಗಡುಕರು ಮುಂಬಯಿಗೆ ಬಂದದ್ದು ಸಮುದ್ರದಿಂದ, ನಮ್ಮ ಮೀನುಗಾರರ ದೋಣಿಯನ್ನೇ ಕಸಿದುಕೊಂಡು. ಆ ಬಳಿಕ ಮೊದಲ ಹಂತದಲ್ಲಿ 46 ರಾಡಾರ್ ಠಾಣೆಗಳು ತೀರದಲ್ಲೂ ದ್ವೀಪಗಳಲ್ಲೂ ಎದ್ದವು. ಆ ವ್ಯವಸ್ಥೆಯನ್ನು ಕಟ್ಟಿಕೊಟ್ಟದ್ದು ಸರ್ಕಾರಿ ಉದ್ಯಮವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್.

ಆದರೆ ಗೋಪುರ ನಿಲ್ಲಿಸಿದ ಮಾತ್ರಕ್ಕೆ ಕಾವಲು ಆಗದು. ರಾಡಾರ್ ತನ್ನ ಅಲೆಯನ್ನು ಬಿಟ್ಟು, ಅದು ದೋಣಿಗೆ ತಾಗಿ ಮರಳುವ ಮಾರ್ದನಿಗೆ ಕಿವಿಗೊಡುತ್ತದೆ. ಸಣ್ಣ ಮರದ ದೋಣಿಯ ಮಾರ್ದನಿ ಬಲು ಕ್ಷೀಣ. ಅದೇ ತರಂಗಾಂತರದಲ್ಲಿ ಇನ್ನೊಂದು ಯಂತ್ರ ಗದ್ದಲವೆಬ್ಬಿಸಿದರೆ, ಸಂತೆಯ ಕೂಗಾಟದಲ್ಲಿ ತಪ್ಪಿಸಿಕೊಂಡ ಮಗುವಿನ ಅಳುವಿನಂತೆ ಅದು ಅಡಗಿಹೋಗುತ್ತದೆ. ಆಪತ್ತಿನ ಕರೆಗೆಂದು 156.8 ಮೆಗಾಹರ್ಟ್ಸ್ ತರಂಗಾಂತರವನ್ನು ಲೋಕವೆಲ್ಲ ಮೀಸಲಿಟ್ಟಿರುವುದು ಇದಕ್ಕೇ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು 7 ಮೀನುಗಾರರೊಡನೆ ಕಾಣೆಯಾಯಿತು. ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಅವರ ಮನೆಯವರು ಕಳೆದ ದಿನಗಳನ್ನು ನೆನೆಯಿರಿ. ಕಡಲ ಕಾವಲು ದೇಶದ ಗಡಿಗೆ ಬೇಕು, ದುಡಿಯುವವನ ಜೀವಕ್ಕೂ ಬೇಕು.

ತರಂಗಾಂತರ ಸಾರ್ವಜನಿಕರ ಸೊತ್ತೆಂದು ಸುಪ್ರೀಂ ಕೋರ್ಟು 1995ರಲ್ಲೇ ಸಾರಿತು. ಆದರೂ 2008ರಲ್ಲಿ ಅದನ್ನು ಹಂಚಿದ ರೀತಿಗಾಗಿ 2012ರಲ್ಲಿ 122 ಪರವಾನಗಿಗಳನ್ನು ರದ್ದುಪಡಿಸಬೇಕಾಯಿತು. ಊರಿನ ಗೋಮಾಳಕ್ಕೆ ಬೇಲಿ ಹಾಕುವವರನ್ನು ನಾವು ಬಲ್ಲೆವು. ಇದು ಆಕಾಶದ ಗೋಮಾಳ. 2023ರ ದೂರಸಂಪರ್ಕ ಕಾಯಿದೆಯು ದೇಶರಕ್ಷಣೆಗೂ ಹಡಗುಗಳ ಸುರಕ್ಷತೆಗೂ ಹರಾಜಿಲ್ಲದೆ ತರಂಗಾಂತರ ಕೊಡಲು ಅವಕಾಶವಿತ್ತಿದೆ. ಅದನ್ನು ಒಪ್ಪುತ್ತೇವೆ. ಕಾಗದದಲ್ಲಿದ್ದರೆ ಸಾಲದು.

ನಮ್ಮ ಆಗ್ರಹವಿಷ್ಟೆ. ಕಂಪೆನಿಗಳಿಗೆ ಹರಾಜು ಹಾಕುವ ಮೊದಲು ಕಾವಲಿನ ಪಾಲನ್ನು ಅಳೆದಿಡಿ. ಹೊಲಕ್ಕೆ ಬದುವಿರುವಂತೆ ಅದರ ಎರಡು ಪಕ್ಕಕ್ಕೂ ಖಾಲಿ ಜಾಗ ಬಿಡಿ. ಅತಿಕ್ರಮಿಸಿದವನು ಎಷ್ಟೇ ದೊಡ್ಡವನಾಗಲಿ, ಹಿಡಿದು ದಂಡಿಸಿ. ಸಣ್ಣ ದೋಣಿಗೂ ಸರ್ಕಾರದ ಖರ್ಚಿನಲ್ಲೇ ಗುರುತಿನ ಯಂತ್ರ ಕೊಡಿ. ಕಂಪೆನಿಗಳಿಗೆ ಕೊಟ್ಟದ್ದೆಷ್ಟು, ಬಂದ ಹಣವೆಷ್ಟು ಎಂಬ ಲೆಕ್ಕವನ್ನು ಜನರ ಮುಂದಿಡಿ.

ಗೋಮಾಳ ಹೋದ ಊರಿನಲ್ಲಿ ಮೊದಲು ಸೊರಗುವುದು ಬಡವನ ಹಸು. ಆಕಾಶಕ್ಕೂ ಅದೇ ಮಾತು.