ಗೇರಿನ ಗುಂಡು ಸವೆದರೆ ಜೀಪೇ ಗುಜರಿಗೆ ಹೋಗಬೇಕೆ?

ಕಪ್ಪತಗುಡ್ಡದ ಸೆರಗಿನ ಊರುಗಳಲ್ಲಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಯ ಹೊಲದ ದಾರಿಗಳಲ್ಲಿ ಹಳೆಯ ಜೀಪುಗಳು ಇಂದಿಗೂ ಅಲ್ಲಲ್ಲಿ ಓಡಾಡುತ್ತಿವೆ. ಮಳೆಗಾಲದ ಎರೆಭೂಮಿಯಲ್ಲಿ ಸಣ್ಣ ವಾಹನಗಳು ಹೂತು ನಿಂತಾಗ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಈ ಹಳೆಯ ಯಂತ್ರವೇ ಗತಿ. ಇಂತಹ ಜೀಪುಗಳ ಒಳಹೊಕ್ಕು ನೋಡಿದರೆ ಒಂದು ಸಂಗತಿ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ಗೇರ್ ಕಡ್ಡಿಯ ತುದಿಯಲ್ಲಿರಬೇಕಾದ ಗುಂಡು, ಗ್ಯಾರೇಜಿನವರ ಮಾತಿನಲ್ಲಿ ನಾಬ್, ಸವೆದು ನುಣುಪಾಗಿರುತ್ತದೆ, ಇಲ್ಲವೇ ಒಡೆದುಹೋಗಿರುತ್ತದೆ. ಅದರ ಜಾಗದಲ್ಲಿ ಸೈಕಲ್ ಟ್ಯೂಬು ಸುತ್ತಿದ, ಅರಿವೆ ಕಟ್ಟಿದ ಬರಿಯ ಕಬ್ಬಿಣದ ಕಡ್ಡಿ ಉಳಿದಿರುತ್ತದೆ. ಅಂಗೈಯಗಲದ ಈ ವಸ್ತುವನ್ನು ಯಾರೂ ಗಂಭೀರವಾಗಿ ಪರಿಗಣಿಸುವುದಿಲ್ಲ. ಪರಿಗಣಿಸಬೇಕಾದ ಕಾರಣಗಳು ಮಾತ್ರ ಬಲವಾಗಿವೆ.

ಗುಂಡಿನ ನೆತ್ತಿಯ ಮೇಲೆ ಕೊರೆದಿರುವ ಗೇರುಗಳ ನಕ್ಷೆ ಬರಿಯ ಅಲಂಕಾರವಲ್ಲ. ವಿಲ್ಲಿಸ್ ವಂಶದ ಮೂರು ಗೇರಿನ ಹಳೆಯ ಜೀಪಿನಲ್ಲಿ ಕಡ್ಡಿಯನ್ನು ಎಡಕ್ಕೆಳೆದು ಮುಂದಕ್ಕೆ ತಳ್ಳಿದರೆ ಬೀಳುವುದು ಹಿಮ್ಮುಖ ಗೇರು; ಒಂದನೆಯ ಗೇರು ಎಡಕ್ಕೆ ಹಿಂದೆ ಇದೆ. ಈಗಿನ ವಾಹನಗಳಲ್ಲಿ ಎಡಕ್ಕೆ ಮುಂದೆ ಇರುವುದು ಸಾಮಾನ್ಯವಾಗಿ ಒಂದನೆಯ ಗೇರು. ಹೊಸ ವಾಹನಗಳಲ್ಲಿ ಚಾಲನೆ ಕಲಿತ ಮನೆಯ ಹುಡುಗನೊಬ್ಬ ಅಜ್ಜನ ಕಾಲದ ಜೀಪನ್ನು ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸುವಾಗ ಕೈಯ ರೂಢಿಗೆ ಮಣಿದರೆ, ವಾಹನ ಮುಂದೆ ಹೋಗುವ ಬದಲು ಕೊಳ್ಳದ ಕಡೆಗೆ ಸರಿಯುತ್ತದೆ. ನಕ್ಷೆ ಅಳಿಸಿದ ಗುಂಡು ಅವನಿಗೆ ಏನನ್ನೂ ಹೇಳುವುದಿಲ್ಲ. ಹಳೆಯ ಚಾಲಕನ ಕೈಗೆ ದಾರಿ ಗೊತ್ತಿರಬಹುದು; ಆದರೆ ಹಳ್ಳಿಯ ಜೀಪನ್ನು ಒಬ್ಬನೇ ನಡೆಸುವುದಿಲ್ಲ. ಹೆರಿಗೆಗೆ, ಹಾವು ಕಡಿತಕ್ಕೆ, ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದಾಗ ಹತ್ತಿರವಿದ್ದವನು ಕೀಲಿಕೈ ಹಿಡಿಯುತ್ತಾನೆ.

ಇದಕ್ಕಿಂತ ಅಪಾಯಕಾರಿಯಾದುದು ಮುಖ್ಯ ಕಡ್ಡಿಯ ಪಕ್ಕದ ಸಣ್ಣ ಕಡ್ಡಿಗಳು. ಮುಂದಿನ ಚಕ್ರಗಳಿಗೆ ಬಲ ಕೊಡುವುದು, ವೇಗವನ್ನು ತಗ್ಗಿಸಿ ಎಳೆತವನ್ನು ಹೆಚ್ಚಿಸುವುದು ಇವುಗಳ ಕೆಲಸ. ಎತ್ತರ ಮತ್ತು ತಗ್ಗಿನ ಸ್ಥಾನಗಳ ನಡುವೆ ಒಂದು ನ್ಯೂಟ್ರಲ್ ಸ್ಥಾನವಿರುತ್ತದೆ. ಸಣ್ಣ ಕಡ್ಡಿ ಅಲ್ಲಿ ನಿಂತಿದ್ದರೆ ಮುಖ್ಯ ಗೇರು ಬಿದ್ದಿದ್ದರೂ ಎಂಜಿನ್ನಿಗೂ ಚಕ್ರಗಳಿಗೂ ಸಂಬಂಧವಿರುವುದಿಲ್ಲ. ಗೇರಿನಲ್ಲಿ ಹಾಕಿದ್ದೇನೆಂಬ ನೆಮ್ಮದಿಯಿಂದ ಚಾಲಕ ಕೆಳಗಿಳಿದರೆ ಇಳಿಜಾರಿನಲ್ಲಿ ಜೀಪು ತನ್ನಷ್ಟಕ್ಕೆ ಉರುಳತೊಡಗುತ್ತದೆ. ಇಳಿಯುವಾಗಲೂ ಅಷ್ಟೇ: ಬ್ರೇಕು ಕಾದು ಸೋಲದಂತೆ ಕಾಪಾಡುವ ಎಂಜಿನ್ನಿನ ತಡೆ ಈ ಸ್ಥಾನದಲ್ಲಿ ಸಿಗದು. ಇನ್ನು ಗಟ್ಟಿಯಾದ ಡಾಂಬರು ರಸ್ತೆಯಲ್ಲಿ ಮುಂದಿನ ಚಕ್ರಗಳ ಕಡ್ಡಿ ಎಳೆದೇ ಓಡಿಸಿದರೆ, ತಿರುವುಗಳಲ್ಲಿ ಮುಂದಿನ ಹಿಂದಿನ ಚಕ್ರಗಳು ಕ್ರಮಿಸುವ ದೂರ ಬೇರೆಬೇರೆಯಾದುದರಿಂದ ಒಳಗಿನ ಹಲ್ಲುಗಳ ಮೇಲೆ ಒತ್ತಡ ಬಿದ್ದು ಯಂತ್ರವೇ ಹಾಳಾಗುತ್ತದೆ. ಗುಂಡಿನ ಮೇಲಿನ ನಾಲ್ಕು ಗೆರೆಗಳು ಈ ಎಲ್ಲ ನಷ್ಟವನ್ನು ತಡೆಯಬಲ್ಲವು.

ಗುಂಡು ಏಕೆ ಹಾಳಾಗುತ್ತದೆ? ಹಳೆಯ ಗುಂಡುಗಳು ಬಹುಮಟ್ಟಿಗೆ ಬೇಕಲೈಟ್ ಅಥವಾ ಅಂತಹ ಗಡಸು ಪ್ಲಾಸ್ಟಿಕ್ಕಿನವು. ತೆರೆದ ಜೀಪಿನಲ್ಲಿ ಗದುಗಿನ ಬಿಸಿಲು, ಕೈಬೆವರು, ಧೂಳು ಇವುಗಳ ತಿಕ್ಕಾಟಕ್ಕೆ ಮೇಲ್ಮೈ ಸವೆಯುತ್ತದೆ, ಬಿರುಕು ಬಿಡುತ್ತದೆ. ಒಳಗೆ ಕೂರಿಸಿದ ಹಿತ್ತಾಳೆಯ ನಟ್ಟು ಸಡಿಲಗೊಂಡು ಗುಂಡು ಸುಮ್ಮನೆ ಸುತ್ತತೊಡಗುತ್ತದೆ. ಬೇಕಲೈಟನ್ನು ಮೇಣದಂತೆ ಕರಗಿಸಿ ಮತ್ತೆ ಎರೆಯಲು ಬರುವುದಿಲ್ಲ. ಸುಟ್ಟರೆ ವಿಷದ ಹೊಗೆ. ಒಡೆದ ಗುಂಡನ್ನು ಕಸದ ಬೆಂಕಿಗೆ ಎಸೆಯುವ ಅಭ್ಯಾಸ ನಿಲ್ಲಬೇಕು.

ಬದಲಿಸುವ ಕೆಲಸ ಕಠಿಣವಲ್ಲ. ಗುಂಡಿನ ಕೆಳಗೆ ಚೆಕ್ ನಟ್ ಇದ್ದರೆ ಮೊದಲು ಅದನ್ನು ಪಾನಾ ಹಾಕಿ ಸಡಿಲಿಸಿ, ಕಡ್ಡಿಯನ್ನು ಗಟ್ಟಿಯಾಗಿ ಹಿಡಿದು, ಗುಂಡನ್ನು ಎಡಕ್ಕೆ ತಿರುಗಿಸಬೇಕು. ತುಕ್ಕು ಹಿಡಿದಿದ್ದರೆ ಡೀಸೆಲ್ ಹನಿಸಿ ಒಂದು ರಾತ್ರಿ ಬಿಡುವುದು ಲೇಸು. ಸುತ್ತಿಗೆಯಿಂದ ಬಡಿಯುವುದು ಮೂರ್ಖತನ. ಕಡ್ಡಿಯ ಬುಡ ಗೇರ್‌ಬಾಕ್ಸಿನ ಒಳಗಿದೆ ಎಂಬುದನ್ನು ಬಡಿಯುವವರು ಮರೆಯುತ್ತಾರೆ. ಅನಂತರ ಥ್ರೆಡ್ಡಿನ ಅಳತೆ. ಅಮೆರಿಕದ ವಿನ್ಯಾಸದಿಂದ ಬಂದ ಹಳೆಯ ಜೀಪುಗಳಲ್ಲಿ ಇಂಚಿನ ಥ್ರೆಡ್ಡು ಇರಬಹುದು, ಈಚಿನವುಗಳಲ್ಲಿ ಮಿಲಿಮೀಟರಿನದು. ಕಣ್ಣಂದಾಜಿನಲ್ಲಿ ಎರಡೂ ಒಂದೇ ಎನಿಸಿದರೂ, ಬಲವಂತದಿಂದ ತಿರುಗಿಸಿದರೆ ಕಡ್ಡಿಯ ಥ್ರೆಡ್ಡೇ ಕೆಡುತ್ತದೆ. ಹಳೆಯ ಗುಂಡನ್ನೇ ಕೈಯಲ್ಲಿ ಹಿಡಿದು ಲೇತ್ ಅಂಗಡಿಗೆ ಹೋಗುವುದು ಸುಲಭದ ದಾರಿ. ಹತ್ತಿಯ ಜಿನ್ನುಗಳಿಗೂ ಮುದ್ರಣ ಯಂತ್ರಗಳಿಗೂ ಬಿಡಿಭಾಗ ಒದಗಿಸಬೇಕಾಗಿದ್ದ ಗದಗ-ಬೆಟಗೇರಿಯಂತಹ ಅವಳಿ ನಗರಕ್ಕೆ ಒಂದು ಗುಂಡು ಕಡೆದುಕೊಡುವುದು ದೊಡ್ಡ ಮಾತೇನಲ್ಲ.

ಪೇಟೆಯಲ್ಲಿ ಸಿಗುವ ಹೊಳೆಯುವ ಗುಂಡುಗಳಿಗಿಂತ ಕಟ್ಟಿಗೆಯದು ಮೇಲು. ಲೋಹದ ಗುಂಡು ಮಧ್ಯಾಹ್ನದ ಬಿಸಿಲಿಗೆ ಅಂಗೈ ಸುಡುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಲೇಪನದವು ಕೆಲವೇ ವರ್ಷಗಳಲ್ಲಿ ಜಿಗುಟಾಗುತ್ತವೆ. ಮುರಿದ ಕೂರಿಗೆಯ ತಾಳು, ಹಳೆಯ ಬಂಡಿಯ ತುಂಡು, ಹುಣಸೆಯ ಗಟ್ಟಿ ಕಟ್ಟಿಗೆ ಬಡಿಗೇರರ ಮನೆಯ ಮೂಲೆಯಲ್ಲಿ ಬಿದ್ದಿರುತ್ತವೆ. ಅಂತಹ ತುಂಡಿನ ನಡುವೆ ಕಡ್ಡಿಗೆ ಹೊಂದುವ ನಟ್ಟನ್ನು ಅಂಟಿನಿಂದ ಕೂರಿಸಿ, ಅಗಸೆ ಎಣ್ಣೆ ಸವರಿದರೆ ವರ್ಷಗಟ್ಟಲೆ ಬಾಳುತ್ತದೆ. (ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆಮಾಡಿ ಎಸೆಯಬಾರದು, ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗಿ ಬೆಂಕಿ ಹತ್ತುವುದುಂಟು.) ಕೊಡಲಿಯ ಕಾವು ಮುರಿದರೆ ಕೊಡಲಿಯನ್ನು ಎಸೆಯದ ಜನಕ್ಕೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಗುಡ್ಡದಿಂದ ಮಾತ್ರ ಒಂದು ಕಡ್ಡಿಯನ್ನೂ ಕಡಿಯಕೂಡದು. 244.15 ಚದರ ಕಿಲೋಮೀಟರ್ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಜೀಪಿಗೆ ಶೋಭೆಯೆಂದು ಕೃಷ್ಣಮೃಗದ ಕೊಂಬಿನ ತುಂಡನ್ನು ಹಿಡಿಕೆಯಾಗಿಸುವ ಚಪಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ನಕ್ಷೆಯನ್ನು ಬೇರೆ ಜೀಪಿನಿಂದ ನಕಲು ಮಾಡಬಾರದು. ಸಮತಟ್ಟಾದ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಒಡ್ಡಿ, ಪ್ರತಿಯೊಂದು ಗೇರಿನ ಸ್ಥಾನವನ್ನು ಅನುಭವಸ್ಥ ಮೆಕ್ಯಾನಿಕ್ಕಿನಿಂದ ಖಚಿತಪಡಿಸಿಕೊಂಡೇ ಕಾಯಿಸಿದ ಮೊಳೆಯಿಂದ ಕೊರೆಯಬೇಕು. ಗೆರೆಗಳಿಗೆ ಬಿಳಿ ಬಣ್ಣ ತುಂಬಿ, ನಕ್ಷೆ ಚಾಲಕನಿಗೆ ನೇರವಾಗಿ ಕಾಣುವಂತೆ ನಿಲ್ಲಿಸಿ, ಚೆಕ್ ನಟ್ಟನ್ನು ಬಿಗಿಯಬೇಕು. ಸಣ್ಣ ಕಡ್ಡಿಗಳ ಗುಂಡುಗಳಿಗೂ ಇದೇ ಕ್ರಮ; ನ್ಯೂಟ್ರಲ್ ಸ್ಥಾನಕ್ಕೆ ಕೆಂಪು ಬಣ್ಣವಿದ್ದರೆ ಇನ್ನೂ ಒಳ್ಳೆಯದು.

ಪರಿಸರದ ಪತ್ರಿಕೆಗೂ ಜೀಪಿನ ಗುಂಡಿಗೂ ಏನು ಸಂಬಂಧವೆಂದು ಕೇಳುವವರು ಹಳ್ಳಿಗುಡಿಯನ್ನು ನೆನೆಯಬೇಕು. 2010ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಒಪ್ಪಂದವಾಗಿ ಮುಂಡರಗಿ ತಾಲ್ಲೂಕಿನ ಹೊಲಗಳಿಗೆ ಕುತ್ತು ಬಂದಾಗ, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳತ್ವದಲ್ಲಿ ರೈತರು ಎದ್ದು ನಿಂತರು. 2011ರಲ್ಲಿ ಭೂಸ್ವಾಧೀನ ನಿಂತಿತು, 2013ರಲ್ಲಿ ಕಂಪನಿ ಹಿಂದೆ ಸರಿಯಿತು. ಕಪ್ಪತಗುಡ್ಡಕ್ಕೆ 2015ರಲ್ಲಿ ಸಿಕ್ಕ ಸಂರಕ್ಷಿತ ಪ್ರದೇಶದ ಸ್ಥಾನವನ್ನು 2016ರಲ್ಲಿ ಕಿತ್ತುಕೊಂಡಾಗಲೂ ಇದೇ ಜನ ಹೋರಾಡಿ 2017ರಲ್ಲಿ ಅದನ್ನು ಮರಳಿ ಪಡೆದರು. ಒಂದು ಟನ್ ಉಕ್ಕನ್ನು ಅದಿರಿನಿಂದ ತೆಗೆಯಲು ಸುಮಾರು ಒಂದೂವರೆ ಟನ್ ಅದಿರು ಬೇಕು. ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಜೀಪಿನ ತೂಕವೂ ಒಂದು ಟನ್ನಿನ ಆಸುಪಾಸಿನದು. ತನ್ನ ಗುಡ್ಡ ಉಳಿಯಲಿ, ಉಕ್ಕು ಬೇರೆಯವರ ಗುಡ್ಡದಿಂದ ಬರಲಿ ಎನ್ನುವುದು ಹೋರಾಟದ ನಾಡಿಗೆ ಒಪ್ಪುವ ಮಾತಲ್ಲ. ಇರುವ ಉಕ್ಕನ್ನು ಆದಷ್ಟು ಕಾಲ ಬಾಳಿಸಬೇಕು.

ಹಾಗೆಂದು ಹಳೆಯದೆಲ್ಲ ಪವಿತ್ರವೆನ್ನಲಾಗದು. ಕಪ್ಪು ಹೊಗೆ ಉಗುಳುತ್ತ ದಿನವಿಡೀ ಬಾಡಿಗೆಗೆ ಓಡುವ ಡೀಸೆಲ್ ಜೀಪಿಗೆ ಹೊಸ ಗುಂಡು ತೊಡಿಸಿದರೆ ಊರಿನ ಮಕ್ಕಳ ಎದೆಗೂಡಿಗೆ ಯಾವ ಉಪಕಾರವೂ ಇಲ್ಲ. ಎಂಜಿನ್ ಸರಿಯಾಗದಿದ್ದರೆ ಅಂತಹದು ಗುಜರಿಗೆ ಹೋಗುವುದೇ ಸರಿ. ಅದರ ಉಕ್ಕು ಕರಗಿ ಮತ್ತೆ ಬಳಕೆಗೆ ಬರುತ್ತದೆ. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ, ಬಿತ್ತನೆ ಕಾಲದಲ್ಲಷ್ಟೇ ಹೊರಬರುವ ಜೀಪಿನ ಲೆಕ್ಕವೇ ಬೇರೆ. ಅದಕ್ಕೆ ಬದಲಾಗಿ ಹೊಸದನ್ನು ತಯಾರಿಸುವ ಹೊರೆಯೇ ಹೆಚ್ಚಾದೀತು. ಸರಕಾರದ ನೀತಿ ಈ ಭೇದವನ್ನು ಸಾಕಷ್ಟು ಗುರುತಿಸಿಲ್ಲ. 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುತ್ತಿಲ್ಲ. ಖಾಸಗಿ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. ಇಲ್ಲಿ ಎಣಿಕೆಯಾಗುವುದು ವಯಸ್ಸು. ಎಷ್ಟು ಓಡಿತು ಎಂಬುದಲ್ಲ. ಮತ್ತೊಂದೆಡೆ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿ, ಮೋಟಾರು ವಾಹನಗಳನ್ನೂ ಕೃಷಿ ಯಂತ್ರಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಆ ಹಕ್ಕು ಹಳ್ಳಿಯ ಗ್ಯಾರೇಜನ್ನು ತಲುಪಬೇಕಾದರೆ ಬಿಡಿಭಾಗಗಳ ಅಳತೆ, ನಕ್ಷೆಗಳು ಕನ್ನಡದಲ್ಲಿ ಸಿಗಬೇಕು.

ಟ್ರ್ಯಾಕ್ಟರುಗಳ ಸ್ಥಿತಿಯೂ ಇದೇ. ಬಾಡಿಗೆ ಯಂತ್ರಗಳನ್ನು ಹತ್ತು ಜನ ಚಾಲಕರು ನಡೆಸುತ್ತಾರೆ. ಹೈ-ಲೋ ಕಡ್ಡಿಯ ಗುರುತುಗಳು ಬೇಗನೆ ಅಳಿಯುತ್ತವೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದುದು 1905ರಲ್ಲಿ ಹುಟ್ಟಿದ್ದು ಗದಗದ ಮಗ್ಗುಲಿನ ಕಣಗಿನಹಾಳದಲ್ಲಿ. ಅಂತಹ ನೆಲದ ಸಹಕಾರ ಸಂಘಗಳು ಗೊಬ್ಬರ ಬೀಜಗಳ ಜೊತೆಗೆ ಒಂದು ಜೊತೆ ಟ್ಯಾಪು, ಥ್ರೆಡ್ಡಿನ ಅಳತೆಪಟ್ಟಿ, ಒಂದು ಸಣ್ಣ ಲೇತ್ ಇಟ್ಟುಕೊಳ್ಳುವುದು ಅಸಾಧ್ಯವೇನಲ್ಲ. ಟರ್ನರ್ ವೃತ್ತಿ ಕಲಿಯುತ್ತಿರುವ ಐಟಿಐ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಜೀಪು, ಟ್ರ್ಯಾಕ್ಟರುಗಳ ಗುಂಡುಗಳನ್ನು ಕಡೆದು, ನಕ್ಷೆ ಕೊರೆದು ಕೊಡಬಹುದು. ಮುಂಗಾರಿನ ಬಿತ್ತನೆಗೆ ಮುನ್ನ, ಹೊಲದ ದಾರಿ ಇನ್ನೂ ಒಣಗಿರುವಾಗಲೇ ಈ ಕೆಲಸ ಆಗಬೇಕು.