ಗೋಧಿ ಹೊಲದ ವೃತ್ತಗಳೂ ನಮ್ಮ ವಿಜ್ಞಾನ ಮೇಳವೂ

ಇಂಗ್ಲೆಂಡಿನ ಗೋಧಿ ಹೊಲಗಳಲ್ಲಿ ಬೆಳಗಾಗುವುದರೊಳಗೆ ಮೂಡುವ ದೊಡ್ಡ ದೊಡ್ಡ ವೃತ್ತಗಳ ವಿಡಿಯೋ ಒಂದಲ್ಲ ಒಂದು ರೂಪದಲ್ಲಿ ಮಕ್ಕಳ ಮೊಬೈಲಿಗೆ ಬರುತ್ತಲೇ ಇರುತ್ತದೆ. ಕ್ಲಾಸಿನಲ್ಲಿ ಯಾರಾದರೊಬ್ಬ ಕೇಳಿಯೇ ಕೇಳುತ್ತಾನೆ, "ಅದು ಏಲಿಯನ್ ಮಾಡಿದ್ದಾ ಟೀಚರ್?" ನಮ್ಮಲ್ಲಿ ಹೆಚ್ಚಿನವರ ಉತ್ತರ ಸಿದ್ಧವಾಗಿರುತ್ತದೆ: "ಎಂತ ಏಲಿಯನ್ ಮಾರಾಯ, ಇಬ್ಬರು ಅಜ್ಜಂದಿರು ಹಲಗೆ ಹಗ್ಗ ಹಿಡಿದು ಮಾಡಿದ್ದು ಅಂತ ಯಾವತ್ತೋ ಗೊತ್ತಾಗಿದೆ. ಈಗ ಪುಸ್ತಕ ತೆಗಿ." ಉತ್ತರ ತಪ್ಪಲ್ಲ. ಆದರೆ ಅಷ್ಟಕ್ಕೇ ಪುಸ್ತಕ ತೆಗೆಸಿದರೆ, ಆ ಕತೆಯಲ್ಲಿ ವಿಜ್ಞಾನ ಅಧ್ಯಾಪಕರಿಗೆ ಅತ್ಯಂತ ಬೇಕಾದ ಭಾಗ ಬಿಟ್ಟುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದು ಅಳತೆ ಟೇಪು ಹಿಡಿದು ಹೊಲಕ್ಕಿಳಿದ ಓದಿದವರ ಭಾಗ.

ಗೊತ್ತಿಲ್ಲದವರಿಗಾಗಿ ಕತೆಯನ್ನು ಸ್ವಲ್ಪ ಹೇಳುತ್ತೇನೆ. 1966ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಟಲಿ ಎಂಬಲ್ಲಿ ಬಾಳೆ ಬೆಳೆಯುವ ಒಬ್ಬ ಕೃಷಿಕ, ಜೌಗಿನಿಂದ ತಟ್ಟೆಯಂಥದ್ದು ಮೇಲೆದ್ದು ಹೋದದ್ದನ್ನು ಕಂಡೆ ಎಂದ. ಅಲ್ಲಿ ಆಪು ಹುಲ್ಲು ವೃತ್ತಾಕಾರವಾಗಿ ಮಲಗಿತ್ತು. ಆ ಕಾಲದಲ್ಲಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ್ದವರು ಡಗ್ ಬೋವರ್. ಊರಿಗೆ ಮರಳಿದ ಮೇಲೆ ಸೌತಾಂಪ್ಟನ್ನಿನಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ ಇಟ್ಟುಕೊಂಡರು. ಅವರಿಗೂ ಗೆಳೆಯ ಡೇವ್ ಚಾರ್ಲಿಗೂ ಜಲವರ್ಣದ ಹುಚ್ಚು. 1970ರ ದಶಕದ ಕೊನೆಯಲ್ಲಿ ಒಂದು ಬೇಸಗೆ ರಾತ್ರಿ ಪಬ್ಬಿನಿಂದ ಹೊರಟ ಇಬ್ಬರಿಗೂ, ಹಾರುವ ತಟ್ಟೆ ಇಳಿದಂತೆ ಮಾಡಿದರೆ ಹೇಗೆ ಎಂಬ ಯೋಚನೆ ಬಂತು. ಮೊದಲು ಅಂಗಡಿಯ ಬಾಗಿಲಿಗೆ ಅಡ್ಡ ಹಾಕುವ ಕಬ್ಬಿಣದ ಸರಳು ಹಿಡಿದು ಮೊಣಕಾಲಲ್ಲಿ ತೆವಳಿ ಪೈರು ಮಲಗಿಸಿದರು. ಆಮೇಲೆ ಹಲಗೆ, ಹಲಗೆಯ ಎರಡು ತುದಿಗೆ ಹಗ್ಗ. ನೇರ ಗೆರೆ ಬೇಕಾದಾಗ ಟೊಪ್ಪಿಗೆ ಒಂದು ತಂತಿಯ ಬಳೆ ಸಿಕ್ಕಿಸಿ, ಅದರೊಳಗಿಂದ ದೂರದ ಮರವನ್ನು ನೋಡುತ್ತಾ ನಡೆಯುವುದು.

ಎರಡು ಮೂರು ವರ್ಷ ಬಹುಮಟ್ಟಿಗೆ ಯಾರೂ ಗಮನಿಸಲಿಲ್ಲ. ಬೇಸರವಾಗಿ, 1981ರಲ್ಲಿ ಚೀಸ್‌ಫುಟ್ ಹೆಡ್ ಎಂಬಲ್ಲಿ, ರಸ್ತೆಯಿಂದ ಕೆಳಗೆ ನೋಡಿದರೆ ಬಟ್ಟಲಿನ ಹಾಗೆ ಕಾಣುವ ಹೊಲದಲ್ಲಿ ಮಾಡಿದರು. ಪತ್ರಿಕೆಯವರು ಬಂದರು. ಅಲ್ಲಿಂದ ಮುಂದೆ ನಿಲ್ಲಲಿಲ್ಲ. (ಕಾರಿನ ಮೀಟರು ಓಡಿದ್ದು ನೋಡಿ ಬೋವರರ ಹೆಂಡತಿಗೆ ಗಂಡನ ಮೇಲೆಯೇ ಸಂಶಯ ಬಂತಂತೆ. ಅವರಿಗೆ ಸತ್ಯ ಹೇಳಬೇಕಾಯಿತು. ಆಕೆ ಸಂಶಯಕ್ಕೆ ಅಂಕಿಯ ಆಧಾರ ಹುಡುಕಿದರು ನೋಡಿ.)

ಇನ್ನು ಓದಿದವರ ಕತೆ. ಟೆರೆನ್ಸ್ ಮೀಡನ್ ಭೌತಶಾಸ್ತ್ರ ಓದಿದವರು. ಬ್ರಿಟನ್ನಿನ ಸುಂಟರಗಾಳಿಗಳ ದಾಖಲೆ ಇಡುವ ಸಂಸ್ಥೆಯೊಂದನ್ನು 1974ರಲ್ಲಿ ಕಟ್ಟಿದವರು. ಗುಡ್ಡದ ತಪ್ಪಲಲ್ಲಿ ಗಾಳಿ ಸುಳಿದು ನಿಂತ ಜಾಗದಲ್ಲೇ ತಿರುಗಿ ಪೈರನ್ನು ವೃತ್ತವಾಗಿ ಮಲಗಿಸಬಹುದು ಎಂದರು. ಹುಚ್ಚು ಮಾತೇನೂ ಅಲ್ಲ. 1880ರಲ್ಲೇ ಸರ್ರೆಯ ಹೊಲಗಳಲ್ಲಿ ಬಿರುಗಾಳಿಯ ನಂತರ ಗೋಧಿ ವೃತ್ತವೃತ್ತವಾಗಿ ಮಲಗಿದ್ದನ್ನು ನೋಡಿದ ಜಾನ್ ರ‍್ಯಾಂಡ್ ಕ್ಯಾಪ್ರಾನ್ ಎಂಬವರು 'ನೇಚರ್' ಪತ್ರಿಕೆಗೆ ಬರೆದಿದ್ದರು. ತೊಂದರೆ ಆಮೇಲೆ ಬಂತು. ನಡುವೆ ಒಂದು ವೃತ್ತ, ಸುತ್ತ ನಾಲ್ಕು ಮರಿ ವೃತ್ತ ಕಾಣಿಸಿಕೊಂಡಾಗ, ಸುಳಿಗೆ ಮರಿಸುಳಿಗಳಿರುತ್ತವೆ ಎಂದಾಯಿತು. ವೃತ್ತದ ಸುತ್ತ ಉಂಗುರ ಬಂದಾಗ ಸುಳಿಗೆ ವಿದ್ಯುತ್ ಸೇರಿ 'ಪ್ಲಾಸ್ಮಾ ಸುಳಿ' ಆಯಿತು. ಹೊಲದಲ್ಲಿ ಎಂತ ಬಂದರೂ ಸಿದ್ಧಾಂತ ಅಷ್ಟು ಉದ್ದಕ್ಕೆ ಹಿಗ್ಗುತ್ತಿತ್ತು. ಅತ್ತ ಡಗ್ ಮತ್ತು ಡೇವ್ ಪೇಪರು ಓದುತ್ತಿದ್ದರು! ಗಾಳಿ ಅಂತ ಹೇಳುತ್ತೀರಾ, ನೋಡಿ ಇದಕ್ಕೆ ಎಂತ ಹೇಳುತ್ತೀರಿ ಎಂದು ನೇರ ಗೆರೆಗಳನ್ನೂ ಆಯತಗಳನ್ನೂ ಸೇರಿಸಿದರು. ಸಂಶೋಧಕರು ದತ್ತಾಂಶ ಎಂದು ಸಂಗ್ರಹಿಸುತ್ತಿದ್ದದ್ದು ತಮ್ಮದೇ ಲೇಖನಗಳಿಗೆ ಬಂದ ಉತ್ತರವನ್ನು.

ಇನ್ನೊಂದು ಗುಂಪು ಪ್ಯಾಟ್ ಡೆಲ್ಗಾಡೊ ಮತ್ತು ಕಾಲಿನ್ ಆಂಡ್ರ್ಯೂಸ್ ಅವರದ್ದು. ಇಬ್ಬರೂ ಎಂಜಿನಿಯರಿಂಗ್ ಹಿನ್ನೆಲೆಯವರು. 1989ರಲ್ಲಿ ಅವರ ಪುಸ್ತಕ ಬಂದಾಗ, ಇದರ ಹಿಂದೆ ನಮಗರಿಯದ ಬುದ್ಧಿಯೊಂದು ಇದೆ ಎಂಬ ಧಾಟಿ ಅದರಲ್ಲಿತ್ತು. ಮರುವರ್ಷ ಜುಲೈಯಲ್ಲಿ ಬಿಬಿಸಿ ಮತ್ತು ಜಪಾನಿನ ಟಿವಿಯ ಕ್ಯಾಮರಾಗಳೊಂದಿಗೆ ರಾತ್ರಿ ಕಾವಲು ಕೂತರು. ಒಂದು ಬೆಳಗ್ಗೆ ದೂರದಲ್ಲಿ ವೃತ್ತಗಳು ಕಂಡವು, ಹತ್ತಿರ ಹೋಗಿ ನೋಡುವ ಮೊದಲೇ ದೊಡ್ಡ ಸುದ್ದಿ ಎಂದು ಘೋಷಣೆಯಾಯಿತು. ಹೋಗಿ ನೋಡಿದರೆ ವೃತ್ತಗಳ ನಡುವೆ ಮಕ್ಕಳಾಡುವ ಬೋರ್ಡ್ ಆಟ ಮತ್ತು ಮರದ ಶಿಲುಬೆ ಇಟ್ಟು ಹೋಗಿದ್ದರು ಯಾರೋ. ಆದರೂ ಜನ ಕಡಿಮೆಯಾಗಲಿಲ್ಲ. ಅದೇ ತಿಂಗಳು ವಿಲ್ಟ್‌ಶೈರಿನ ಆಲ್ಟನ್ ಬಾರ್ನ್ಸ್‌ನಲ್ಲಿ ಬಂದ ಉದ್ದದ ಚಿತ್ರವನ್ನು ನೋಡಲು ಜನ ಮುಗಿಬಿದ್ದರು, ಹೊಲದವರು ಪ್ರವೇಶ ಶುಲ್ಕ ವಸೂಲು ಮಾಡಿದರು.

1991ರ ಸೆಪ್ಟೆಂಬರಿನಲ್ಲಿ 'ಟುಡೇ' ಪತ್ರಿಕೆಯಲ್ಲಿ ಡಗ್ ಮತ್ತು ಡೇವ್ ಎಲ್ಲವನ್ನೂ ಹೇಳಿಬಿಟ್ಟರು. ಪತ್ರಿಕೆ ಅವರಿಂದ ಒಂದು ಹೊಸ ಚಿತ್ರ ಮಾಡಿಸಿ ಡೆಲ್ಗಾಡೊ ಅವರನ್ನು ಕರೆಸಿತ್ತು. ಇದು ಮನುಷ್ಯರಿಂದ ಆಗುವ ಕೆಲಸವಲ್ಲ ಎಂದರು ಅವರು. ವಿಷಯ ತಿಳಿಸಿದಾಗ ತಾನು ಮೋಸಹೋದೆ ಎಂದು ಒಪ್ಪಿದರು. ಇದು ಎಲ್ಲರೂ ಹೇಳುವ ಕತೆ. ಹೆಚ್ಚು ಹೇಳದ ಕತೆ ಅದೇ ವರ್ಷದ ಇನ್ನೊಂದು. ವೆಸೆಕ್ಸ್ ಸ್ಕೆಪ್ಟಿಕ್ಸ್ ಎಂಬ ಸಂದೇಹವಾದಿಗಳ ತಂಡ ಟಿವಿ ಕಾರ್ಯಕ್ರಮಕ್ಕಾಗಿ ಕ್ಲೆಂಚ್ ಕಾಮನ್ ಎಂಬಲ್ಲಿ ಒಂದು ವೃತ್ತ ಮಾಡಿತು. ಅದನ್ನು ನೋಡಿ ಅಪ್ಪಟ ಅಸಲಿ ಎಂದವರು ನಮ್ಮ ಸುಂಟರಗಾಳಿ ತಜ್ಞ ಮೀಡನ್.

ಈ ಕಾರಣಕ್ಕೇ, 'ನಂಬಿದವರು ದಡ್ಡರು, ವಿಜ್ಞಾನ ಓದಿದವರು ಜಾಣರು' ಎಂಬ ಪಾಠಕ್ಕೆ ಈ ಕತೆಯನ್ನು ಬಳಸುವುದು ಸರಿಯಲ್ಲ ಎಂದು ನಾನು ಹೇಳುವುದು. ಏಲಿಯನ್ ಬೇಡ, ಪ್ರೇತ ಬೇಡ, ಬರೀ ಗಾಳಿ ಮತ್ತು ವಿದ್ಯುತ್ತು ಎಂದವರೂ ಅದೇ ಗುಂಡಿಗೆ ಬಿದ್ದರು. ಅಸಲಿಯನ್ನು ನಕಲಿಯಿಂದ ಬೇರ್ಪಡಿಸುವ ಗುರುತು ಯಾವುದು ಎಂದು ಮೊದಲೇ ಬರೆದಿಟ್ಟು, ತಿಳಿಯದ ಮಾದರಿಯ ಮೇಲೆ ಅದನ್ನು ಪರೀಕ್ಷಿಸುವ ಕೆಲಸ ಬಹುಕಾಲ ನಡೆಯಲೇ ಇಲ್ಲ. ನನಗೆ ಮೀಡನ್ ಬಗ್ಗೆ ಗೌರವವೇ ಉಂಟು. ಕ್ಲಿಷ್ಟ ಚಿತ್ರಗಳೆಲ್ಲ ಮನುಷ್ಯರದ್ದೇ ಎಂದು ಆಮೇಲೆ ಅವರು ಒಪ್ಪಿಕೊಂಡು, ಸರಳ ವೃತ್ತಗಳಿಗೆ ಮಾತ್ರ ತನ್ನ ವಾದವನ್ನು ಇಳಿಸಿದರು. ಅಷ್ಟೂ ಮಾಡದವರು ಎಷ್ಟೋ ಜನ.

ನಂಬಿಕೆಯವರು ಹೇಳಿದ್ದೇನು? ಇಬ್ಬರು ಮುದುಕರು ಇಷ್ಟೆಲ್ಲ ಮಾಡಲು ಸಾಧ್ಯವೇ ಎಂದು. ಲೆಕ್ಕ ಸರಿ. ತಾವು ಮಾಡಿದ್ದು ಇನ್ನೂರು ಚಿಲ್ಲರೆ ಎಂದೇ ಡಗ್ ಮತ್ತು ಡೇವ್ ಹೇಳಿದ್ದು. ಉಳಿದದ್ದಕ್ಕೆ ಉತ್ತರ, ಹಲಗೆ ಬೇರೆಯವರ ಹತ್ತಿರವೂ ಇತ್ತು ಎಂಬುದು. 1992ರಲ್ಲಿ ವೆಸ್ಟ್ ವಿಕಮ್‌ನಲ್ಲಿ ಕೊಟ್ಟ ನಕ್ಷೆಯನ್ನು ಕತ್ತಲಲ್ಲಿ ಪೈರಿನ ಮೇಲೆ ಮೂಡಿಸುವ ಸ್ಪರ್ಧೆ ನಡೆಯಿತು. ಗೆದ್ದವರು ಹೆಲಿಕಾಪ್ಟರ್ ಕಾರ್ಖಾನೆಯ ಮೂವರು ಎಂಜಿನಿಯರರು. ಅದರ ಹಿಂದೆ ಇದ್ದವರಲ್ಲಿ ವೃತ್ತಪ್ರಿಯರದ್ದೇ ಪತ್ರಿಕೆ 'ದ ಸೀರಿಯಾಲಜಿಸ್ಟ್' ಕೂಡ ಸೇರಿತ್ತು ಎಂಬುದನ್ನು ಮರೆಯಬಾರದು. ಮನುಷ್ಯರಿಂದ ಎಷ್ಟು ಆಗುತ್ತದೆ ಎಂದು ಮಾಡಿಸಿಯೇ ನೋಡುವ ಧೈರ್ಯ ಅವರಿಗಿತ್ತು. ಆಮೇಲೆ 2001ರಲ್ಲಿ ಮಿಲ್ಕ್ ಹಿಲ್‌ನಲ್ಲಿ 409 ವೃತ್ತಗಳ ಚಿತ್ರ ಬಂತು. ಮುಂದಿನ ವರ್ಷ 'ಸೈನ್ಸ್' ಎಂಬ ಸಿನಿಮಾ ಬಂದು ಲೋಕಕ್ಕೆಲ್ಲ ಈ ವೃತ್ತ ಏಲಿಯನ್ನಿನದ್ದಾಯಿತು. ಹೆಸರು ಕೇಳಿ ವಿಜ್ಞಾನ ಎಂದುಕೊಳ್ಳಬೇಡಿ, ಅದು ಸಂಕೇತಗಳು ಎಂಬರ್ಥದ್ದು. ಅದರ ನಿರ್ದೇಶಕ ಶ್ಯಾಮಲನ್ ಹುಟ್ಟಿದ್ದು ನಮಗೆ ರೈಲಿನಲ್ಲಿ ಕೆಲವೇ ಗಂಟೆ ದೂರದ ಮಾಹಿಯಲ್ಲಿ.

ಮಾಡುವವರನ್ನು ಹೀರೋ ಮಾಡುವುದಕ್ಕೂ ನನ್ನ ಮನಸ್ಸಿಲ್ಲ. ಡಗ್ ಮತ್ತು ಡೇವ್‌ಗೆ 1992ರಲ್ಲಿ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನ ಬಂತು. ಅವರ ನಂತರ ಬಂದ ತಂಡಗಳು ತಾವು ಕಲಾವಿದರು ಎಂದವು, ಜಾಹೀರಾತಿಗೂ ಚಿತ್ರ ಮಾಡಿಕೊಟ್ಟವು. ಆದರೆ ಯಾವ ಹೊಲದ್ದು ಯಾರದ್ದು ಎಂದು ಹೇಳುವುದಿಲ್ಲ. ಹೇಳಿದರೆ ನಿಗೂಢ ಹೋಗುತ್ತದೆ, ಪೊಲೀಸರೂ ಬರುತ್ತಾರೆ. 2000ದಲ್ಲಿ ಒಬ್ಬನಿಗೆ ನ್ಯಾಯಾಲಯ 100 ಪೌಂಡ್ ದಂಡ ಹಾಕಿತು. ಬೆಳೆ ಹೋದದ್ದು ಮಾತ್ರ ಕೃಷಿಕನದ್ದು. ಚಿತ್ರ ನೋಡಲು ಬಂದವರು ತುಳಿದದ್ದು ಬೇರೆ.

ಸರಿ, ಕ್ಲಾಸಿನಲ್ಲಿ ಎಂತ ಮಾಡುವುದು? ಮೊದಲು ಸಸ್ಯದಿಂದ ಶುರುಮಾಡಿ. ವೃತ್ತದೊಳಗಿನ ಗೋಧಿ ದಂಟು ಗೆಣ್ಣಿನಲ್ಲಿ ಬಾಗಿದೆ, ಗೆಣ್ಣು ಉದ್ದವಾಗಿದೆ, ಹಲಗೆಯಿಂದ ಹೀಗಾಗದು ಎಂಬ ವಾದ ಬಹಳ ಜನಪ್ರಿಯ. ಲೆವೆಂಗುಡ್ ಎಂಬ ಅಮೆರಿಕದ ವಿಜ್ಞಾನಿ 1994ರಲ್ಲಿ ಸಸ್ಯಶರೀರಶಾಸ್ತ್ರದ ಪತ್ರಿಕೆಯಲ್ಲೇ ಇದನ್ನು ಬರೆದರು. ಆದರೆ ಹಸಿರು ಪೈರನ್ನು ಯಾವ ರೀತಿಯಲ್ಲಿ ಮಲಗಿಸಿದರೂ ಅದು ಮೇಲೇಳಲು ನೋಡುತ್ತದೆ. ಗೆಣ್ಣಿನ ಕೆಳಬದಿಯ ಕೋಶಗಳು ಉದ್ದವಾಗಿ ದಂಟು ಅಲ್ಲಿಯೇ ಬಾಗುತ್ತದೆ. ಪಾಠಪುಸ್ತಕದ ಗುರುತ್ವಾನುವರ್ತನೆ ಇದೇ. ಏಣೆಲು ಬೆಳೆ ಹಸಿರಾಗಿರುವಾಗ ಯಾರಾದರೂ ಕೃಷಿಕರನ್ನು ಕೇಳಿ ಗದ್ದೆಯ ಅಂಚಿನ ನಾಲ್ಕು ದಂಟನ್ನು ಮಲಗಿಸಿ, ಕಡ್ಡಿ ಊರಿ ಬಿಡಿ. ಕೆಲವೇ ದಿನದಲ್ಲಿ ಮಕ್ಕಳೇ ಗೆಣ್ಣು ನೋಡಿ ಹೇಳುತ್ತಾರೆ. ಗದ್ದೆ ಹತ್ತಿರ ಇಲ್ಲದವರಿಗೆ ಚಟ್ಟಿಯಲ್ಲಿ ಬೆಳೆಸಿದ ಭತ್ತ ಸಾಕು.

ಗಣಿತದವರಿಗೂ ಪಾಲುಂಟು. ಸ್ಟೋನ್‌ಹೆಂಜ್ ಬಗ್ಗೆ ಬರೆದು ಪ್ರಸಿದ್ಧರಾದ ಖಗೋಳಜ್ಞ ಜೆರಾಲ್ಡ್ ಹಾಕಿನ್ಸ್ ಈ ಚಿತ್ರಗಳಲ್ಲಿ ಯೂಕ್ಲಿಡ್ ಶೈಲಿಯ ಪ್ರಮೇಯಗಳನ್ನು ಕಂಡರು. ಸಮಬಾಹು ತ್ರಿಭುಜದ ಪರಿವೃತ್ತ ಅಂತರ್ವೃತ್ತದ ನಾಲ್ಕು ಪಟ್ಟು, ಚೌಕಕ್ಕಾದರೆ ಎರಡು ಪಟ್ಟು, ಷಡ್ಭುಜಕ್ಕಾದರೆ ನಾಲ್ಕರ ಮೂರನೇ ಒಂದು ಭಾಗ. ಇದನ್ನು ಮಾಡಿದವರಿಗೆ ರೇಖಾಗಣಿತ ತಿಳಿದಿರಬೇಕು ಎಂದು ಹಲವರಿಗೆ ಅನಿಸಿತು. ಶಾಲೆಯ ಮೈದಾನದಲ್ಲಿ ಗೂಟ ಮತ್ತು ಹಗ್ಗ ಕೊಟ್ಟು ಒಂಬತ್ತನೆಯವರಿಂದ ಷಡ್ಭುಜ ಬರೆಸಿ ನೋಡಿ. ಹಗ್ಗವನ್ನು ತ್ರಿಜ್ಯದಷ್ಟೇ ಹಿಡಿದು ಪರಿಧಿಯ ಸುತ್ತ ನಡೆದರೆ ಆರು ಬಿಂದು ತಾನಾಗಿ ಸಿಗುತ್ತದೆ. ಅನುಪಾತವನ್ನು ಹಗ್ಗವೇ ತಂದುಕೊಡುತ್ತದೆ, ಹಗ್ಗ ಹಿಡಿದವನಿಗೆ ಪ್ರಮೇಯ ಗೊತ್ತಿರಬೇಕೆಂದಿಲ್ಲ.

"ನಮ್ಮ ಗದ್ದೆಯಲ್ಲಿ ಯಾಕೆ ಬರುವುದಿಲ್ಲ?" ಎಂದು ಮಕ್ಕಳು ಕೇಳಿದರೆ ಅದೇ ಅತ್ಯುತ್ತಮ ಪ್ರಶ್ನೆ. ಇಂಗ್ಲೆಂಡಿನ ದೊಡ್ಡ ಹೊಲಗಳಲ್ಲಿ ಮದ್ದು ಬಿಡುವ ಟ್ರ್ಯಾಕ್ಟರಿಗೆ ಪೈರಿನ ನಡುವೆ ಜೋಡಿ ಹಾದಿ ಇರುತ್ತದೆ, ಒಂದು ಹೆಜ್ಜೆಗುರುತೂ ಮೂಡಿಸದೆ ನಡುವಿಗೆ ಹೋಗಬಹುದು. ನಮ್ಮ ಬೈಲಿನಲ್ಲಿ ಹತ್ತು ಹೆಜ್ಜೆಗೊಂದು ಬದು, ಕೆಸರು, ನೀರು. ಕಾಲಿಟ್ಟರೆ ಗುರುತು ಬೀಳುತ್ತದೆ. 2002ರ ಇಂಗ್ಲೆಂಡಿನ ವೃತ್ತಗಳನ್ನು ನಕ್ಷೆಯ ಮೇಲೆ ಗುರುತಿಸಿದ ಒಂದು ಅಧ್ಯಯನದಲ್ಲಿ, ಅವು ಹೆಚ್ಚಾಗಿ ರಸ್ತೆಗಳ ಹತ್ತಿರವೇ ಸಿಕ್ಕಿವೆ. ಇದನ್ನು ಸಮಾಜ ವಿಜ್ಞಾನದ ನಕ್ಷೆ ಪಾಠಕ್ಕೂ ತೆಗೆದುಕೊಳ್ಳಬಹುದು.

ಇಷ್ಟೆಲ್ಲ ಬರೆದದ್ದು ಮುಖ್ಯವಾಗಿ ನಮ್ಮ ವಿಜ್ಞಾನ ಮೇಳಗಳ ಬಗ್ಗೆ ಒಂದು ಮಾತು ಹೇಳಲಿಕ್ಕೆ. ರಿಸರ್ಚ್ ಟೈಪ್ ಪ್ರಾಜೆಕ್ಟ್ ವಿಭಾಗದಲ್ಲಿ ನಮ್ಮ ಮಕ್ಕಳು ತರುವಂಥದ್ದನ್ನು ನೆನಪಿಸಿಕೊಳ್ಳಿ. ಸಂಗೀತ ಕೇಳಿಸಿದ ಅಲಸಂಡೆ ಗಿಡ, ಕೇಳಿಸದ ಅಲಸಂಡೆ ಗಿಡ. ಸಂಗೀತದ ಗಿಡ ಯಾವಾಗಲೂ ಉದ್ದ. ಅಳತೆ ಮಾಡಿದ ಮಗುವಿಗೆ ಯಾವ ಚಟ್ಟಿ ಯಾವುದೆಂದು ಮೊದಲೇ ಗೊತ್ತು, ಗೈಡ್ ಟೀಚರಿಗೆ ಯಾವ ಫಲಿತಾಂಶ ಬೇಕೆಂದೂ ಗೊತ್ತು. ಚಾರ್ಟು ಚಂದ, ಗ್ರಾಫು ಚಂದ, 'ಎ' ಗ್ರೇಡು. ಮೀಡನ್ ಹೊಲದಲ್ಲಿ ಮಾಡಿದ್ದನ್ನು ನಾವು ಚಟ್ಟಿಯಲ್ಲಿ ಮಾಡಿಸುತ್ತಿದ್ದೇವೆ. ಅದೇ ಮೇಳದ ಇನ್ನೊಂದು ಮೂಲೆಯಲ್ಲಿ ಪವಾಡ ಬಯಲು ಕಾರ್ಯಕ್ರಮ ಇಟ್ಟು, ನಂಬಿದವರನ್ನು ನೋಡಿ ನಗುತ್ತೇವೆ.

ಮುಂದಿನ ಉಪಜಿಲ್ಲಾ ಮೇಳಕ್ಕೆ ಮೊದಲು ನಮ್ಮ ಸಂಘ ನಡೆಸುವ ಕಮ್ಮಟದಲ್ಲಿ ಇದನ್ನು ಚರ್ಚೆಗೆ ಇಡಬೇಕೆಂದು ನನ್ನ ಕೋರಿಕೆ. ಚಟ್ಟಿಗೆ ನಂಬರು ಹಾಕುವವನು ಒಬ್ಬ, ಅಳೆಯುವವನು ಇನ್ನೊಬ್ಬ ಆಗಲಿ. ಯಾವ ಫಲಿತಾಂಶ ಬಂದರೆ ನಮ್ಮ ಊಹೆ ತಪ್ಪು ಎಂದು ಒಪ್ಪುತ್ತೇವೆ ಎಂಬ ಒಂದು ವಾಕ್ಯವನ್ನು ಮಕ್ಕಳು ಪ್ರಯೋಗಕ್ಕೆ ಮೊದಲೇ ಡೈರಿಯಲ್ಲಿ ತಾರೀಕು ಹಾಕಿ ಬರೆಯಲಿ. ತೀರ್ಪುಗಾರರಾಗಿ ಹೋಗುವ ನಮ್ಮವರು ಆ ಪುಟ ತೆರೆದು ಕೇಳಲಿ. ಊಹೆ ತಪ್ಪಾಯಿತೆಂದು ತೋರಿಸಿದ ಮಗುವಿಗೆ ಗ್ರೇಡು ಕಡಿಮೆ ಮಾಡಬಾರದು. ಸಂಗೀತ ಕೇಳಿಯೂ ಒಣಗಿದ ಚಟ್ಟಿ ಇದ್ದರೆ ಅದನ್ನೂ ಮೇಳದ ಮೇಜಿಗೆ ತರಲು ಹೇಳಬೇಕು. ಈಗ ಅದನ್ನು ಶಾಲೆಯ ಹಿತ್ತಿಲಲ್ಲೇ ಬಿಟ್ಟು ಬರುತ್ತಾರೆ.